ಹತ್ತನೆಯ ತರಗತಿ ದಾಟಿದ ನಮ್ಮ ಮಕ್ಕಳು

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ವಾರಗಳು ಕರಾವಳಿಯ ಕಥೋಲಿಕ ಮನೆಗಳಲ್ಲಿ ಒಂದು ವಿಚಿತ್ರವಾದ ಕಾಲ. ಮಕ್ಕಳಿಗೆ ಪುಸ್ತಕದ ಹಂಗಿಲ್ಲ, ಹೆತ್ತವರಿಗೆ ನೆಮ್ಮದಿಯಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ರಮದಲ್ಲಿ, ಬಸ್ಸಿನ ಸೀಟಿನಲ್ಲಿ, ಎಲ್ಲಿಯೂ ಒಂದೇ ಪ್ರಶ್ನೆ: "ಮುಂದೇನು ಮಗಾ?" ಮಗುವಿನ ಬಳಿ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. "ಸಾಯನ್ಸ್." ಕೇಳಿದವರಿಗೆ ಸಮಾಧಾನ, ಹೇಳಿದವರಿಗೆ ಬಿಡುಗಡೆ. ಆ ಒಂದು ಪದದ ಹಿಂದೆ ಆ ಮಗು ಎಂಥದ್ದು, ಅದಕ್ಕೆ ಯಾವುದರಲ್ಲಿ ಮನಸ್ಸು ಎಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಆದ್ದರಿಂದ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೆಲವು ಚರ್ಚ್‌ಗಳಲ್ಲಿ ಕ್ರೈಸ್ತ ಶಿಕ್ಷಣದ ಹತ್ತನೆಯ ತರಗತಿ ಮುಗಿಸಿದ ಮಕ್ಕಳೊಡನೆ ನಾವು ಕುಳಿತು ಮಾತನಾಡಿದೆವು. ಅಂಕಗಳ ಮಾತು ಬೇಡವೆಂದು ಮೊದಲೇ ಹೇಳಿದೆವು. ಯಾರೂ ಕೆಲಸ ಹೇಳದ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳಿದೆವು. ಮಕ್ಕಳ ಹೆಸರನ್ನಾಗಲೀ ಊರನ್ನಾಗಲೀ ಇಲ್ಲಿ ಬರೆಯುವುದಿಲ್ಲ. ಹದಿನೈದನೆಯ ವಯಸ್ಸಿನ ಆಸೆಗಳು ಬದಲಾಗುವ ಹಕ್ಕುಳ್ಳವು. ಅವು ಪತ್ರಿಕೆಯಲ್ಲಿ ಅಚ್ಚಾಗಿ ನಾಳೆ ಆ ಮಗುವಿನ ಕೊರಳಿಗೆ ಉರುಳಾಗಬಾರದು.

ಮೊದಲು ಎದ್ದು ಕಂಡ ಸಂಗತಿಯೆಂದರೆ, ನಮ್ಮ ಮಕ್ಕಳು ನಾಲ್ಕು ಭಾಷೆಗಳ ನಡುವೆ ಬೆಳೆದವರು. ಮನೆಯಲ್ಲಿ ಕೊಂಕಣಿ, ಅಂಗಡಿ ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಆದರೂ ತಮ್ಮ ಬಗ್ಗೆ ಹೇಳಿಕೊಳ್ಳಬೇಕೆಂದಾಗ ಅನೇಕರಿಗೆ ನಾಲ್ಕರಲ್ಲಿ ಒಂದರಲ್ಲಿಯೂ ಮಾತು ಬರಲಿಲ್ಲ. ಪೂಜೆಯಲ್ಲಿ ಮೊದಲ ವಾಚನವನ್ನು ನಡುಗದ ದನಿಯಲ್ಲಿ ಓದುವ ಹುಡುಗಿಯೊಬ್ಬಳು, "ನಿನ್ನ ಸ್ವಭಾವ ಎಂಥದ್ದು?" ಎಂದಾಗ ಪಕ್ಕದವಳ ಮುಖ ನೋಡಿದಳು. ಪಕ್ಕದವಳೇ ಉತ್ತರ ಕೊಟ್ಟಳು: "ಅವಳಿಗೆ ಸಿಟ್ಟು ಜಾಸ್ತಿ ಸರ್, ಆದರೆ ಯಾರಾದರೂ ಅತ್ತರೆ ಮೊದಲು ಹೋಗುವವಳು ಅವಳೇ." ನಮ್ಮ ಪಾಲಿಗೆ ಅದು ಶಾಲೆಯವರು ಕೊಡುವ ಯಾವುದೇ ನಡತೆ ಪತ್ರಕ್ಕಿಂತ ಮಿಗಿಲಾಯಿತು.

ತಂದೆ ಕುವೈತಿನಲ್ಲಿ, ತಾಯಿಗೆ ಮಂಡಿನೋವು. ಇಬ್ಬರು ತಮ್ಮಂದಿರ ಪಾಠ, ಬ್ಯಾಂಕಿನ ಕೆಲಸ, ಗ್ಯಾಸ್ ಸಿಲಿಂಡರು ಎಲ್ಲವನ್ನೂ ನೋಡಿಕೊಳ್ಳುವ ಇನ್ನೊಬ್ಬಳು, ತನ್ನನ್ನು "ಸೋಮಾರಿ" ಎಂದು ಬಣ್ಣಿಸಿಕೊಂಡಳು. ಬೆಳಿಗ್ಗೆ ಏಳಲು ತಡಮಾಡುತ್ತಾಳಂತೆ! ಪೀಠಬಾಲಕರ ಸಾಲಿನಲ್ಲಿ ನಗುವುದಕ್ಕಾಗಿ ಎಷ್ಟೋ ಸಲ ಗದರಿಸಿಕೊಂಡ ಒಬ್ಬ ಹುಡುಗ ತಾನು "ಯಾವುದಕ್ಕೂ ಆಗದವನು" ಎಂದು ನಿರಾಳವಾಗಿ ಹೇಳಿದ. ವಾರ್ಷಿಕ ಹಬ್ಬದ ದಿನ ಚರ್ಚಿನ ಧ್ವನಿವರ್ಧಕ ಕೈಕೊಟ್ಟಾಗ ತಂತಿಯ ತುದಿಯನ್ನು ಹುಡುಕಿ ಬೆಸುಗೆ ಹಾಕಿ ಪ್ರವಚನ ಕೇಳಿಸುವಂತೆ ಮಾಡಿದವನು ಅವನೇ ಎಂಬುದು ಉಪದೇಶಿಯವರಿಂದ ನಮಗೆ ತಿಳಿಯಿತು. ಅವನಾಗಿ ಹೇಳಲಿಲ್ಲ. ಅದನ್ನು ಒಂದು ಗುಣವೆಂದು ಅವನಿಗೆ ಯಾರೂ ಹೇಳಿದ್ದಂತೆ ತೋರಲಿಲ್ಲ.

ಹವ್ಯಾಸಗಳ ಮಾತಿಗೆ ಬಂದರೆ, ಹಿಂದಿನ ತಲೆಮಾರಿಗೆ ಅಂಚೆಚೀಟಿ ಸಂಗ್ರಹವೆಂಬ ಸಿದ್ಧ ಉತ್ತರವಿತ್ತು. ಬಹ್ರೇನ್, ದುಬಾಯಿ, ಮಸ್ಕತ್‌ಗಳಿಂದ ಬರುತ್ತಿದ್ದ ಪತ್ರಗಳು ಪ್ರತಿ ಕಥೋಲಿಕ ಮನೆಗೂ ಅಂಚೆಚೀಟಿಯನ್ನು ಒದಗಿಸುತ್ತಿದ್ದವು. ಈಗ ಪತ್ರವೂ ಇಲ್ಲ, ಚೀಟಿಯೂ ಇಲ್ಲ; ಅಪ್ಪನ ಮುಖವೇ ರಾತ್ರಿ ಊಟದ ಹೊತ್ತಿಗೆ ಮೊಬೈಲಿನ ಪರದೆಯ ಮೇಲೆ ಬರುತ್ತದೆ. ಮೊಬೈಲೇ ಹವ್ಯಾಸವೆಂದು ಒಪ್ಪಿಕೊಂಡ ಮಕ್ಕಳು ಕಡಿಮೆಯೇನಲ್ಲ. ಆದರೆ ಕೆದಕಿ ಕೇಳಿದಾಗ ಒಬ್ಬ ಅದರಲ್ಲಿ ಮೀನುತೊಟ್ಟಿಯ ಮೀನು ಸಾಕುವುದನ್ನು ಕಲಿತಿದ್ದ, ಒಬ್ಬಳು ಕೇಕಿನ ಮೇಲೆ ಐಸಿಂಗ್ ಹೂ ಬಿಡಿಸುವುದನ್ನು ಕಲಿತು ನೆರೆಮನೆಯ ಪ್ರಥಮ ಪರಮಪ್ರಸಾದದ ಕೇಕನ್ನು ತಾನೇ ಮಾಡಿದ್ದಳು. ಕೀಬೋರ್ಡ್ ನುಡಿಸುವವರು, ಬ್ಯಾಂಡಿನಲ್ಲಿ ತುತ್ತೂರಿ ಊದುವವರು, ಗುಮಟೆಯ ಪೆಟ್ಟನ್ನು ಅಜ್ಜನಿಂದ ಕಲಿತವರು ಹಲವರಿದ್ದರು. 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ ಕೊಂಕಣಿ ಹಾಡಿಗೂ ಕುಣಿತಕ್ಕೂ ಮರಳಿ ಗೌರವ ತಂದುಕೊಟ್ಟ ಫಲವನ್ನು ಈ ಮಕ್ಕಳಲ್ಲಿ ಕಾಣಬಹುದು. ಅವರಿಗೆ ಗುಮಟೆ ನಾಚಿಕೆಯ ವಸ್ತುವಲ್ಲ.

ಚಿತ್ರ ಬಿಡಿಸುವ ಹುಡುಗನೊಬ್ಬ ತನ್ನ ನೋಟುಪುಸ್ತಕವನ್ನು ತೋರಿಸಲು ಬಹಳ ಸಂಕೋಚಪಟ್ಟ. ಗಣಿತದ ಲೆಕ್ಕಗಳ ಹಿಂಬದಿಯಲ್ಲಿ ದೋಣಿಗಳು, ಬಲೆ ಹೆಣೆಯುವ ಕೈಗಳು, ಚರ್ಚಿನ ಮೆಟ್ಟಿಲ ಮೇಲೆ ಕುಳಿತ ಅಜ್ಜಿಯರು ತುಂಬಿದ್ದರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ದೇವಾಲಯವನ್ನು ನೋಡಿದ್ದೀಯಾ ಎಂದು ಕೇಳಿದೆವು. ನೋಡಿರಲಿಲ್ಲ. ಇಟಲಿಯ ಬೆರ್ಗಮೊ ಸೀಮೆಯ ಅಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರರು 1899ರಲ್ಲಿ ಆರಂಭಿಸಿ ಎರಡೇ ವರ್ಷಗಳ ಆಸುಪಾಸಿನಲ್ಲಿ ಅಲ್ಲಿನ ಗೋಡೆಗಳನ್ನೂ ಛಾವಣಿಯನ್ನೂ ಚಿತ್ರಗಳಿಂದ ತುಂಬಿದರು. ಪ್ರಪಂಚದ ನಾನಾ ಕಡೆಗಳಿಂದ ಜನ ಬಂದು ತಲೆಯೆತ್ತಿ ನೋಡುವ ಆ ಛಾವಣಿ ನಮ್ಮ ಮನೆಬಾಗಿಲಲ್ಲೇ ಇರುವಾಗ, ಚಿತ್ರಕಲೆಯಲ್ಲಿ ಒಲವುಳ್ಳ ನಮ್ಮದೇ ಹುಡುಗ ಅದನ್ನು ಕಾಣದೆ ಹತ್ತನೆಯ ತರಗತಿ ಮುಗಿಸಿದ್ದಾನೆ. ಬಸ್ಸಿನ ಖರ್ಚಿಗೆ ಹೆದರಿಯಲ್ಲ. ಕರೆದೊಯ್ಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಕಂಪ್ಯೂಟರಿನ ಮಕ್ಕಳಿಗೆ ಈಗ ಒಬ್ಬ ಹೊಸ ಸಂತರು ದೊರೆತಿದ್ದಾರೆ. 1991ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಮಿಲಾನಿನಲ್ಲಿ ಬೆಳೆದ ಕಾರ್ಲೊ ಅಕುತಿಸ್, ಪರಮಪ್ರಸಾದದ ಅದ್ಭುತಗಳ ವಿವರವನ್ನು ಅಂತರಜಾಲಕ್ಕೆ ಏರಿಸಿದ ಬಾಲಕ. 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ ಇವರದೇ ವಯಸ್ಸು, ಹದಿನೈದು. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೊ ಅವರು ಕಾರ್ಲೊನನ್ನೂ, ಪರ್ವತಾರೋಹಣದ ಹುಚ್ಚಿದ್ದ ವಿದ್ಯಾರ್ಥಿ ಪಿಯೆರ್ ಜೋರ್ಜೊ ಫ್ರಸ್ಸಾತಿಯವರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು. ಕಾರ್ಲೊ ವೀಡಿಯೊ ಆಟ ಆಡುತ್ತಿದ್ದ ಎಂಬುದನ್ನು ಕೇಳಿ ಮಕ್ಕಳು ಹಿಗ್ಗಿದರು. ವಾರಕ್ಕೆ ಒಂದೇ ತಾಸೆಂದು ತಾನೇ ಮಿತಿ ಹಾಕಿಕೊಂಡಿದ್ದನೆಂಬುದನ್ನು ಕೇಳಿದಾಗ ಅಷ್ಟಾಗಿ ಹಿಗ್ಗಲಿಲ್ಲ.

ಹವ್ಯಾಸವೇ ಇಲ್ಲವೆಂದ ಹುಡುಗಿಯೊಬ್ಬಳು ಶಂಕರಪುರ ಮಲ್ಲಿಗೆ ಬೆಳೆಯುವ ಕುಟುಂಬದವಳು. ಬೆಳಗಿನ ಜಾವ ಟಾರ್ಚ್ ಹಿಡಿದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕಳುಹಿಸಿ ಆಮೇಲೆ ಶಾಲೆಗೆ ಓಡುವವಳು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿಂದ ದಿನಕ್ಕೆ ಏರುತ್ತದೆ, ಇಳಿಯುತ್ತದೆ. ಮಳೆಗಾಲದಲ್ಲಿ ಹೂವೇ ಇರುವುದಿಲ್ಲ, ಮದುವೆಯ ಕಾಲದಲ್ಲಿ ಎಷ್ಟಿದ್ದರೂ ಸಾಲದು. ಮೂರು ವರ್ಷಗಳ ದರವನ್ನು ಆಕೆ ಒಂದು ಪುಸ್ತಕದಲ್ಲಿ ದಿನಾಂಕವಾರು ಬರೆದಿಟ್ಟಿದ್ದಾಳೆ. ಯಾಕೆ ಎಂದರೆ, "ಸುಮ್ಮನೆ, ನೋಡಲು ಚೆಂದ" ಎಂದಳು. ಹದಿನೈದರ ವಯಸ್ಸಿನಲ್ಲಿ ಮಾರುಕಟ್ಟೆಯ ಏರಿಳಿತವನ್ನು ಚೆಂದವೆಂದು ಕಾಣುವ ಕಣ್ಣು ಎಲ್ಲರಿಗೂ ಬರುವುದಿಲ್ಲ.

ಇನ್ನು ಗುರಿಗಳು. ಹುಡುಗಿಯರಲ್ಲಿ ನರ್ಸಿಂಗ್ ಇಂದಿಗೂ ಮುಂದಿದೆ. 1880ರಲ್ಲಿ ಅಗಸ್ಟಸ್ ಮುಲ್ಲರ್ ಗುರುಗಳು ಬಡವರಿಗಾಗಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಹಂಚಲು ತೊಡಗಿದ ನೆಲವಲ್ಲವೇ ಇದು! ಆದರೆ ಈಗಿನ ಮಕ್ಕಳು ಕಂಕನಾಡಿಗೆ ನಿಲ್ಲುವುದಿಲ್ಲ. ಐರ್ಲೆಂಡ್, ಇಂಗ್ಲೆಂಡ್, ಕೆನಡಾಗಳ ಹೆಸರು ಅವರ ನಾಲಗೆಯ ಮೇಲೆ ಸಲೀಸಾಗಿ ಬರುತ್ತದೆ. ಹುಡುಗರಲ್ಲಿ ಇಂಜಿನಿಯರಿಂಗ್, ಮರ್ಚೆಂಟ್ ನೇವಿ, ವಿಹಾರ ಹಡಗಿನ ಅಡುಗೆಮನೆ. ಲೆಕ್ಕಪರಿಶೋಧಕರಾಗಬೇಕೆನ್ನುವವರು ಎರಡೂ ಕಡೆ ಇದ್ದಾರೆ. ಸರಕಾರಿ ಸೇವೆಯ ಹೆಸರೆತ್ತಿದವರು ನಾವು ಕಂಡವರಲ್ಲಿ ಇಬ್ಬರೇ, ಶಿಕ್ಷಕಿಯಾಗಬೇಕೆಂದವಳು ಒಬ್ಬಳೇ. 1870ರಲ್ಲಿ ಅಪೋಸ್ತಲಿಕ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸತೊಡಗಿ, 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನೂ ತೆರೆದರು. ಹಾಗೆ ಕಲಿತ ಹೆಣ್ಣುಮಕ್ಕಳು ತಲೆಮಾರುಗಳ ಕಾಲ ಈ ಜಿಲ್ಲೆಗಳ ಶಾಲೆಗಳನ್ನು ತುಂಬಿದ್ದರು. ಇಂದು ಆ ವೃತ್ತಿ ನಮ್ಮ ಮಕ್ಕಳ ಕನಸಿನಿಂದ ಜಾರಿಹೋಗುತ್ತಿರುವುದನ್ನು ಕಂಡು ನಮಗೆ ನೋವಾಯಿತು. ಕಾರಣ ಕೇಳಿದರೆ ಮಕ್ಕಳು ಸಂಬಳದ ಲೆಕ್ಕ ಹೇಳುತ್ತಾರೆ. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಗುರುವಾಗಬೇಕೆಂದು ಒಬ್ಬ ಹುಡುಗ ಹೇಳಿದ. ಎಲ್ಲರೂ ಹೋದ ಮೇಲೆ, ಪಿಸುದನಿಯಲ್ಲಿ. ಮನೆಗೆ ಅವನೊಬ್ಬನೇ ಮಗ. ಎಂಟು ಹತ್ತು ಮಕ್ಕಳ ಮನೆಯಿಂದ ಒಬ್ಬನನ್ನು ದೇವರಿಗೆ ಕೊಡುವುದು ಹೆಮ್ಮೆಯಾಗಿದ್ದ ಕಾಲದಲ್ಲಿ, 1879ರಲ್ಲಿ ಆರಂಭವಾದ ಜೆಪ್ಪು ಸೆಮಿನರಿ ತುಂಬಿತ್ತು. ಒಬ್ಬನೇ ಮಗನಿರುವ ಮನೆಯಲ್ಲಿ ಅದೇ ಮಾತನ್ನು ಹೇಳಲು ಎಷ್ಟು ಧೈರ್ಯ ಬೇಕೆಂದು ನಾವು ಯೋಚಿಸಬೇಕಾಗಿದೆ. "ಮಮ್ಮಿಗೆ ಇನ್ನೂ ಹೇಳಿಲ್ಲ" ಎಂದನು.

ಧ್ವನಿವರ್ಧಕದ ಹುಡುಗನಿಗೆ ಪಾಲಿಟೆಕ್ನಿಕ್ ಸೇರುವ ಆಸೆ. ಮನೆಯವರಿಗೆ ಅದು ಅವಮಾನ. ಡಿಪ್ಲೊಮಾ ಎಂದರೆ ಪಿಯುಸಿ ದಕ್ಕದವರ ದಾರಿ ಎಂಬ ಭಾವನೆ. ನಾವು ಆ ತಾಯಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇವೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ನೇರವಾಗಿ ಸೇರಬಹುದು. ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ದಾರಿಯಿದೆ. ಕೈಕೆಲಸವನ್ನು ಕೀಳೆಂದು ಕಾಣುವುದು ನಮ್ಮ ಸಂಪ್ರದಾಯವೂ ಅಲ್ಲ. ಜೆಪ್ಪುವಿನ ಸಂತ ಜೋಸೆಫರ ಕಾರ್ಖಾನೆಯಲ್ಲಿ ಬಡಗಿಗಳೂ ಕಮ್ಮಾರರೂ ತಯಾರಾದದ್ದು ಯಾರ ಉಪಕಾರದಿಂದ? ಕಾರ್ಖಾನೆಗೆ ಇಟ್ಟ ಹೆಸರಾದರೂ ಯಾರದು?

ಫಲಿತಾಂಶದ ನಂತರ ಅನೇಕ ಚರ್ಚ್‌ಗಳಲ್ಲಿ ಪ್ರತಿಭಾವಂತರಿಗೆ ಶಾಲು ಹೊದಿಸಿ ಸನ್ಮಾನಿಸುವ ಪದ್ಧತಿಯಿದೆ. ಒಳ್ಳೆಯದೇ. ಆದರೆ 625ರಲ್ಲಿ ಇಷ್ಟಕ್ಕೆ ಮೇಲ್ಪಟ್ಟವರು ಮಾತ್ರ ವೇದಿಕೆಗೆ ಬನ್ನಿ ಎಂದಾಗ, ಕೆಳಗೆ ಬೆಂಚಿನಲ್ಲಿ ಉಳಿದ ಮಕ್ಕಳು ಆ ಭಾನುವಾರದ ಪೂಜೆಗೇ ಬರುವುದಿಲ್ಲವೆಂದು ಒಬ್ಬ ಶಿಕ್ಷಕಿ ನಮಗೆ ತಿಳಿಸಿದರು. ಹತ್ತು ವರ್ಷ ಕ್ರೈಸ್ತ ಶಿಕ್ಷಣ ಮುಗಿಸಿದವರೆಲ್ಲರನ್ನೂ ಒಮ್ಮೆ ವೇದಿಕೆಗೆ ಕರೆದರೆ ಹೆಚ್ಚು ಶಾಲು ಬೇಕಾದೀತು, ಅಷ್ಟೇ ತಾನೆ? ತೇರ್ಗಡೆಯಾಗದವರ ಮನೆಗಳಿಗೆ ಗುರಿಕಾರರು ಆ ವಾರವೇ ಹೋಗಿ ಬರುವುದು ಉತ್ತಮ. ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆಯಿದೆ. ಮುಂದಿನದರಲ್ಲಿ ಬರೆದು ಪಾಸಾದರೆ ವರ್ಷ ಕಳೆದುಹೋಗುವುದಿಲ್ಲ. ಮಗು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿರುವಾಗ ಈ ಮಾತನ್ನು ಯಾರಾದರೂ ಮನೆಗೆ ಬಂದು ಹೇಳಬೇಕು.

ನಮ್ಮನ್ನು ಬಹಳ ಕಾಡಿದ್ದು ಮಾತ್ರ ಬೇರೊಂದು ಮನೆಯ ಸಂಗತಿ. ಅಣ್ಣ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅದಕ್ಕಾಗಿ ಮನೆಯ ಮೇಲೆ ಸಾಲವಿದೆ. ತಂಗಿಗೆ ನರ್ಸಿಂಗ್ ಪದವಿ ಓದುವ ಆಸೆ. ಅದಕ್ಕೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು. ವಿಜ್ಞಾನವಿರುವ ಕಾಲೇಜು ದೂರ, ಬಸ್ಸು ಎರಡು, ಜೊತೆಗೆ ಟ್ಯೂಷನ್. ಹತ್ತಿರದ ಕಾಲೇಜಿನಲ್ಲಿ ವಾಣಿಜ್ಯ ವಿಭಾಗ ಮಾತ್ರ ಇದೆ. "ಅವಳು ಹುಡುಗಿ ತಾನೆ, ಹತ್ತಿರದಲ್ಲೇ ಇರಲಿ" ಎಂಬುದು ತಂದೆಯವರ ಮಾತು. ಒಂಬತ್ತನೆಯ ತರಗತಿಯವರೆಗೂ ಅವಳ ಅಂಕಗಳು ಅಣ್ಣನ ಅಂಕಗಳಿಗಿಂತ ಮುಂದೆ. ಅದನ್ನು ಆಕೆ ದೂರಿನಂತೆ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದಳು. ತಂದೆಯವರು ಕೆಟ್ಟವರಲ್ಲ, ರಿಕ್ಷಾ ಓಡಿಸಿ ಇಬ್ಬರನ್ನೂ ಓದಿಸಿದವರು, ಪ್ರತಿ ಸಂಜೆ ಮನೆಯಲ್ಲಿ ಜಪಸರ ತಪ್ಪಿಸದವರು. ಸಾಲದ ಲೆಕ್ಕವೂ ಸುಳ್ಳಲ್ಲ. ಆದರೆ ಮಗನ ಓದಿಗೆ ಸಾಲ ಮಾಡುವಾಗ ಆಗದ ಚರ್ಚೆ ಮಗಳ ಬಸ್ಸಿನ ಪಾಸಿಗೆ ಆಗುತ್ತಿದೆ ಎಂಬುದನ್ನು ನಾವು ಅವರೆದುರೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು.

ಧರ್ಮಗುರುಗಳನ್ನು ಕಾಣುವಂತೆಯೂ, ಮೊದಲು ಕಾಲೇಜಿನ ಕಚೇರಿಗೆ ಮಗಳನ್ನೇ ಕರೆದುಕೊಂಡು ಹೋಗುವಂತೆಯೂ ತಿಳಿಸಿ ಬಂದೆವು. ಫಲಿತಾಂಶ ಬರಲು ಇನ್ನೂ ಕೆಲವು ದಿನಗಳಿವೆ. ಆಕೆ ಅಷ್ಟರಲ್ಲಿ ಅಣ್ಣನ ಹಳೆಯ ಜೀವಶಾಸ್ತ್ರದ ಪುಸ್ತಕವನ್ನು ಅಟ್ಟದಿಂದ ಇಳಿಸಿ, ಹರಿದ ರಟ್ಟಿಗೆ ಹೊಸ ಕಾಗದ ಹೊದಿಸಿಟ್ಟಿದ್ದಾಳೆ.