ಮುಪ್ಪಿನ ನಾಯಿಗೆ ಹಠಾತ್ ಕಾಯಿಲೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

ಈ ಪುಟದಲ್ಲಿ ಸಾಧಾರಣವಾಗಿ ನಾವು ಬರೆಯುವುದು ಕೊಳೆರೋಗ, ಬೋರ್ಡೋ ದ್ರಾವಣ, ಕಾಂಡಕೊರಕ, ಗೊಬ್ಬರದ ದಾಸ್ತಾನು ಮೊದಲಾದವುಗಳ ವಿಚಾರ. ಈ ಸಲ ನಾಯಿಯ ವಿಚಾರ ಬರೆಯುತ್ತಿದ್ದೇವೆ. ಇದು ಸಂಘದ ಪತ್ರಿಕೆಗೆ ತಕ್ಕ ವಿಷಯವಲ್ಲವೆಂದು ಕೆಲವರಿಗೆ ಅನಿಸಬಹುದು. ಆದರೆ ಕಳೆದ ಮಳೆಗಾಲದಿಂದ ಈಚೆಗೆ ಮೈಲುತುತ್ತಕ್ಕೆಂದೋ ಸುಣ್ಣಕ್ಕೆಂದೋ ಸಂಘದ ಕಛೇರಿಗೆ ಬಂದ ಹಲವು ಸದಸ್ಯರು, ಲೆಕ್ಕವೆಲ್ಲ ಮುಗಿದ ಮೇಲೆ ತುಸು ಹೊತ್ತು ನಿಂತು, "ನಮ್ಮ ನಾಯಿ ಹೋಯ್ತು ಕಣ್ರೀ, ಎರಡೇ ದಿನ" ಎಂದು ಹೇಳಿ ಹೋಗಿದ್ದಾರೆ. ಯಾವ ಕಾಯಿಲೆ ಎಂದು ಕೇಳಿದರೆ ಬಹುಪಾಲು ಸಿಗುವ ಉತ್ತರ, "ವಯಸ್ಸಾಗಿತ್ತು" ಎಂಬುದೇ. ವಯಸ್ಸು ಒಂದು ಕಾಯಿಲೆಯಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ತೋಟದ ನಾಯಿಯ ಸ್ಥಾನ

ಮಲೆನಾಡಿನ ಒಂಟಿ ಮನೆಗಳಲ್ಲಿ ನಾಯಿಯಿಲ್ಲದೆ ರಾತ್ರಿ ಕಳೆಯುವುದು ಕಷ್ಟ. ಅಡಿಕೆ ಅಟ್ಟದ ಕಾವಲು, ಕಣದಲ್ಲಿ ಹರವಿದ ಕಾಫಿಯ ಕಾವಲು, ಬಾಳೆಗೊನೆಗೆ ಬರುವ ಮಂಗಗಳನ್ನು ಅಟ್ಟುವುದು, ಹಂದಿ ಕಾಟಿಗಳು ಬೇಲಿಯ ಹತ್ತಿರ ಬಂದಾಗ ಎಚ್ಚರಿಸುವುದು, ಇವೆಲ್ಲ ಅದರ ಕೆಲಸ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿ, ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದಿರುವ ತೋಟಗಳು ಈಗ ಬಹಳ. ಅಂತಹ ಮನೆಯಲ್ಲಿ ಹತ್ತು ವರ್ಷ ಜೊತೆಗಿದ್ದ ನಾಯಿ ಮಲಗಿದರೆ ಆಗುವ ಸಂಕಟವನ್ನು ನಾವು ವಿವರಿಸಬೇಕಾಗಿಲ್ಲ.

ನಮ್ಮ ಮನೆಯ ಭೈರನಿಗೆ ಆದದ್ದು

ಸಾಮಾನ್ಯ ಮಾತಿಗಿಂತ ಒಂದು ನಿದರ್ಶನ ಮೇಲು. ಕಳೆದ ವರ್ಷ ಪುನರ್ವಸು ಮಳೆಯ ಹೊತ್ತಿಗೆ ನಮ್ಮ ಭೈರನಿಗೆ ಹನ್ನೊಂದು ವರ್ಷ. ನಾಟಿ ನಾಯಿಗೂ ಆಲ್ಸೇಷಿಯನ್ ತಳಿಗೂ ಹುಟ್ಟಿದ್ದು, ತೂಕ 24 ಕಿಲೊ. ಒಂದು ಭಾನುವಾರ ರಾತ್ರಿ ಎಂದಿನಂತೆ ಅನ್ನ ತಿಂದಿತು. ಸೋಮವಾರ ತಿನ್ನಲಿಲ್ಲ. ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಬಂದಾಗ ಬಾಲ ಅಲ್ಲಾಡಿಸಿತೇ ಹೊರತು ಏಳಲಿಲ್ಲ. ಎತ್ತಿ ನಿಲ್ಲಿಸಿದಾಗ ಅಂಗಳದ ಸಿಮೆಂಟಿನ ಮೇಲೆ ಮಾಡಿದ ಮೂತ್ರ ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು.

ಮೇಸ್ತ್ರಿ, "ಅದರ ಆಯಸ್ಸು ಮುಗೀತು ಅಯ್ಯಾ, ಸುಮ್ನೆ ನರಳ್ಸೋದು ಬ್ಯಾಡ" ಎಂದ. ಪಕ್ಕದ ತೋಟದವರು ಬಂದು ನೋಡಿ, ಹಿಂದಿನ ಪದ್ಧತಿಯಂತೆ ಕೋವಿಯ ಮಾತನ್ನೆತ್ತಿದರು. ಇಬ್ಬರೂ ಕರುಣೆಯಿಂದಲೇ ಹೇಳಿದ್ದು. ನಮ್ಮ ಮನೆಯವರು ಮಾತ್ರ, "ಏನಾಗಿದೆ ಅಂತ ತಿಳ್ಕೊಳ್ದೆ ಕೈಬಿಡೋದು ಹ್ಯಾಗೆ?" ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ತಾಲ್ಲೂಕಿನ ಪಶುವೈದ್ಯರಿಗೆ ಹೇಳಿ ಕಳುಹಿಸಿದೆವು.

ವೈದ್ಯರು ಬಂದವರೇ ಮೊದಲು ತುಟಿ ಎತ್ತಿ ಒಸಡು ನೋಡಿದರು. ಕೆಂಪಗಿರಬೇಕಾದ ಒಸಡು ಕಾಗದದಂತೆ ಬಿಳಿಚಿತ್ತು. ಜ್ವರ 105 ಡಿಗ್ರಿ. ನಾಯಿಗೆ ಸಹಜವಾದ ಶಾಖ ಸುಮಾರು 101 ರಿಂದ 102.5 ಡಿಗ್ರಿ. ಕಿವಿಯ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ತಿಳಿಯಿತು: ಬೆಬೀಸಿಯ, ಅಂದರೆ ಉಣುಗಿನಿಂದ ಬರುವ ಜ್ವರ. ಚುಚ್ಚುಮದ್ದು ಕೊಟ್ಟು, "ಮದ್ದು ರೋಗಾಣುವನ್ನು ಕೊಲ್ಲುತ್ತೆ, ಆದ್ರೆ ರಕ್ತ ಬಹಳ ಇಳಿದುಹೋಗಿದೆ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ. ಹೋಗುವಾಗ ಒಂದು ಗಟ್ಟಿಮುಟ್ಟಾದ ನಾಯೀನೂ ಜೊತೆಗೆ ಕರ್ಕೊಂಡು ಹೋಗಿ" ಎಂದರು.

ನಾಯಿಗೂ ರಕ್ತ ಕೊಡಿಸಬಹುದೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಮಾತು. ಪಕ್ಕದ ತೋಟದವರು, ಬೆಳಿಗ್ಗೆ ಕೋವಿಯ ಮಾತಾಡಿದವರೇ, ತಮ್ಮ ಐದು ವರ್ಷದ ನಾಯಿಗೆ ಸರಪಳಿ ಹಾಕಿ ಜೀಪಿನ ಹಿಂದೆ ಹತ್ತಿಸಿ, ತಾವೂ ಹತ್ತಿ ಕುಳಿತರು. ಭೈರನನ್ನು ಖಾಲಿ ಕಾಫಿ ಚೀಲದ ಮೇಲೆ ಮಲಗಿಸಿ, ಚೀಲದ ನಾಲ್ಕು ಮೂಲೆ ಹಿಡಿದು ಎತ್ತಿ ಒಳಗಿಟ್ಟೆವು. ದಾರಿಯಲ್ಲಿ ಮರ ಬಿದ್ದಿತ್ತು. ತೀರ್ಥಹಳ್ಳಿಯ ಮೇಲೆ ಮಂಡಗದ್ದೆ ದಾರಿಯಾಗಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ ಹಿಡಿಯಿತು. ಆರೋಗ್ಯವಂತ ನಾಯಿಯಲ್ಲಿ ಹಿಮೋಗ್ಲೋಬಿನ್ 12 ರಿಂದ 18 ಗ್ರಾಂ ಇರುವುದು ವಾಡಿಕೆ. ಭೈರನದು 3.8 ಇತ್ತು. ನೆರೆಮನೆಯ ನಾಯಿಯಿಂದ 350 ಮಿಲಿಲೀಟರ್ ರಕ್ತ ತೆಗೆದು ನಿಧಾನವಾಗಿ ಏರಿಸಿದರು. ನಡುರಾತ್ರಿಯ ಮೇಲೆ ಒಸಡಿಗೆ ತುಸು ಬಣ್ಣ ಬಂತು. ಬೆಳಿಗ್ಗೆ ತಲೆಯೆತ್ತಿ ನೀರು ಕುಡಿಯಿತು.

ಉಣುಗು ಜ್ವರವೆಂದರೇನು?

ಬೆಬೀಸಿಯ ಎಂಬುದು ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುವ ಸೂಕ್ಷ್ಮ ಜೀವಿ. ಒಡೆದ ಕಣಗಳ ಬಣ್ಣ ಮೂತ್ರದಲ್ಲಿ ಹೋಗುವುದರಿಂದ ಅದು ಕಪ್ಪು ಕೆಂಪಾಗುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಬಗೆಯದು ಚುಚ್ಚುಮದ್ದಿಗೆ ಬೇಗ ಬಗ್ಗುತ್ತದೆ. ಗಿಬ್ಸೋನಿ ಎಂಬ ಸಣ್ಣ ಬಗೆಯದು ಹಟಮಾರಿ. ಬೇರೆ ಮದ್ದುಗಳನ್ನು ಸೇರಿಸಿ ಕೊಡಬೇಕಾಗುತ್ತದೆ, ಗುಣವಾದರೂ ಮೈಯಲ್ಲಿ ಅಡಗಿದ್ದು ಮರುಕಳಿಸಬಹುದು. ಇದೇ ರೀತಿ ಉಣುಗಿನಿಂದ ಬರುವ ಇನ್ನೊಂದು ಕಾಯಿಲೆ ಎರ್ಲಿಕಿಯ. ಅದರಲ್ಲಿ ಜ್ವರ, ಅನ್ನ ಬಿಡುವುದು, ಮೂಗಿನಿಂದ ರಕ್ತ ಬರುವುದು ಮುಖ್ಯ ಲಕ್ಷಣಗಳು. ಎಷ್ಟೋ ವೇಳೆ ಎರಡೂ ಜೊತೆಯಾಗಿ ಇರುತ್ತವೆ. ಎರಡನೆಯದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಒಂದು ವಾರಕ್ಕೆ ನಾಯಿ ಓಡಾಡಿತೆಂದು ಮದ್ದು ನಿಲ್ಲಿಸುವುದು ಸರ್ವಥಾ ಕೂಡದು.

ಇದನ್ನು ಮಂಗನ ಕಾಯಿಲೆಯೊಡನೆ ಗಂಟು ಹಾಕಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ಕಾಯಿಲೆ ವೈರಸ್ಸಿನದು. ಅದೂ ಉಣುಗಿನಿಂದಲೇ ಮನುಷ್ಯರಿಗೆ ಬರುತ್ತದೆ. ಕಾಡಿಗೆ ಹೋಗಿಬರುವ ನಾಯಿ ಉಣುಗನ್ನು ಮನೆಯೊಳಗೆ ತರಬಲ್ಲದು. ಆದುದರಿಂದ ನಾಯಿಯ ಮೈಯ ಉಣುಗು ಬಿಡಿಸುವುದು ನಮ್ಮ ಹಿತಕ್ಕೂ ಹೌದು.

ಬಣ್ಣ ಕೆಟ್ಟ ಮೂತ್ರವೆಲ್ಲ ಉಣುಗು ಜ್ವರವೂ ಅಲ್ಲ. ಇಲಿ ಜ್ವರದಲ್ಲಿ ಕಣ್ಣು ಒಸಡು ಹಳದಿಯಾಗಿ ಮೂತ್ರದ ಬಣ್ಣ ಕೆಡುವುದುಂಟು. ಅದು ಮೂತ್ರದ ಮೂಲಕ ಮನುಷ್ಯರಿಗೂ ತಗಲುತ್ತದೆ. ಇಲಿಪಾಷಾಣ ತಿಂದ ನಾಯಿಗೂ ರಕ್ತಸ್ರಾವವಾಗಬಹುದು. ರಕ್ತಪರೀಕ್ಷೆಯಿಲ್ಲದೆ ಇವನ್ನು ಬೇರ್ಪಡಿಸಲಾಗದು. ರೋಗ ತಿಳಿಯುವವರೆಗೆ ಮೂತ್ರವನ್ನು ಬರಿಗೈಯಲ್ಲಿ ಮುಟ್ಟದಿರುವುದು ಲೇಸು.

ಕೂಡಲೇ ಮಾಡಬೇಕಾದುದು, ಮಾಡಬಾರದುದು

ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ, ಅಥವಾ ಒಸಡು ಬಿಳಿ, ಹಳದಿ, ನೀಲಿಯಾಗಿದ್ದರೆ ನಾಳೆಗೆಂದು ಕಾಯಬೇಡಿ. ಕೊನೆಯ ಸಲ ತಿಂದದ್ದು ಯಾವಾಗ, ಮೂತ್ರದ ಬಣ್ಣ ಎಂಥದು, ತೋಟದಲ್ಲಿ ಇತ್ತೀಚೆಗೆ ಯಾವ ಔಷಧಿ ಸಿಂಪಡಿಸಿದೆ, ಇಲಿಪಾಷಾಣ ಇಟ್ಟಿದ್ದಾರೆಯೇ, ಇವನ್ನು ಚೀಟಿಯಲ್ಲಿ ಬರೆದು ಒಯ್ದರೆ ವೈದ್ಯರ ಅರ್ಧ ಗಂಟೆ ಉಳಿಯುತ್ತದೆ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು. ಎತ್ತುವ ಮೊದಲು ಮೂತಿಗೆ ಬಟ್ಟೆ ಕಟ್ಟಿ. ಆದರೆ ಉಸಿರಿಗೆ ಕಷ್ಟಪಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಕಟ್ಟಬಾರದು.

ಮನುಷ್ಯರ ಜ್ವರದ, ನೋವಿನ ಮಾತ್ರೆಗಳನ್ನು ಕೊಡಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡ ಕೆಡಿಸುತ್ತವೆ. ದನಗಳಿಗೆಂದು ಮನೆಯಲ್ಲಿಟ್ಟ ಉಣುಗು ಜ್ವರದ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಹಾಕುವುದು ಇನ್ನೂ ಅಪಾಯ. ಅಳತೆ ಮೀರಿದರೆ ಮಿದುಳಿಗೆ ಪೆಟ್ಟು ಬೀಳುತ್ತದೆ. ಮಲಗಿದ ನಾಯಿಯ ಬಾಯಿಗೆ ಗಂಜಿ ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾನಾಗಿ ನೆಕ್ಕಿದಷ್ಟು ಸಾಕು.

ವಯಸ್ಸಿನ ತಲೆಯ ಮೇಲೆ ಹಾಕುವ ತಪ್ಪು

ಮುದಿ ನಾಯಿ ಹಠಾತ್ತನೆ ಬಿದ್ದಾಗ ಕಾಲ ಮುಗಿಯಿತೆಂದು ತೀರ್ಮಾನಿಸುವುದು ಎಲ್ಲೆಡೆ ಇದೆ. ಒಂದು ಉದಾಹರಣೆ: ತಲೆ ಒಂದು ಕಡೆಗೆ ಓರೆಯಾಗಿ, ಕಣ್ಣುಗುಡ್ಡೆ ಅತ್ತಿತ್ತ ಅಲುಗುತ್ತ, ನಡೆಯಲು ಹೋದರೆ ವಾಲಿ ಬೀಳುವುದು. ನೋಡಿದವರು ಪಾರ್ಶ್ವವಾಯು ಎನ್ನುತ್ತಾರೆ, ವಿಷ ಎನ್ನುತ್ತಾರೆ. ವಯಸ್ಸಾದ ನಾಯಿಗಳಲ್ಲಿ ಇದು ಬಹಳ ವೇಳೆ ಒಳಗಿವಿಯ ಸಮತೋಲನದ ತೊಂದರೆ. ಎರಡು ಮೂರು ದಿನಗಳಲ್ಲಿ ಇಳಿಮುಖವಾಗಿ, ಎರಡು ಮೂರು ವಾರಗಳಲ್ಲಿ ನಾಯಿ ಬಹುಮಟ್ಟಿಗೆ ಸರಿಹೋಗುತ್ತದೆ. ಇನ್ನೊಂದು ಹೆಣ್ಣು ನಾಯಿಗಳದು: ಬೆದೆ ಮುಗಿದು ಒಂದೆರಡು ತಿಂಗಳಿಗೆ ವಿಪರೀತ ನೀರು ಕುಡಿಯುವುದು, ಅನ್ನ ಬಿಡುವುದು, ಕೆಲವಕ್ಕೆ ಕೀವು ಸುರಿಯುವುದು. ಇದು ಗರ್ಭಕೋಶದಲ್ಲಿ ಕೀವು ತುಂಬಿದ್ದರ ಗುರುತು. ಹೊತ್ತಿಗೆ ಸರಿಯಾಗಿ ಶಸ್ತ್ರಚಿಕಿತ್ಸೆಯಾದರೆ ಹತ್ತು ವರ್ಷದ ನಾಯಿಯೂ ಉಳಿಯುತ್ತದೆ; ತಡವಾದರೆ ಎಳೆಯದೂ ಉಳಿಯುವುದಿಲ್ಲ.

ಬಿಟ್ಟುಕೊಡಬೇಕಾದ ಹೊತ್ತು

ಎಲ್ಲ ಸಲವೂ ಉಳಿಸಬಹುದೆಂದು ನಾವು ಹೇಳುವುದಿಲ್ಲ. ಭೈರ ದಸರೆಯ ಹೊತ್ತಿಗೆ ಚೇತರಿಸಿಕೊಂಡು, ಕೊಯ್ಲಿನ ಕಾಲಕ್ಕೆ ಮತ್ತೆ ಕಣದ ಬದಿಯಲ್ಲಿ ಮಲಗತೊಡಗಿತು. ಹತ್ತು ತಿಂಗಳು ಚೆನ್ನಾಗಿತ್ತು. ಈ ವರ್ಷ ಮೇ ತಿಂಗಳಲ್ಲಿ ಮೂತ್ರಪಿಂಡಗಳು ಸೋತವು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆವು, ನಾಲ್ಕು ದಿನ ಗ್ಲೂಕೋಸ್ ಸಲೈನ್ ಕೊಡಿಸಿದೆವು. ಐದನೆಯ ದಿನದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಇಳಿದಿರಲಿಲ್ಲ, ಏರಿತ್ತು. ನೀರೂ ನಿಲ್ಲುತ್ತಿರಲಿಲ್ಲ. ವೈದ್ಯರನ್ನು, "ನಿಮ್ಮದೇ ನಾಯಿಯಾಗಿದ್ರೆ ಏನು ಮಾಡ್ತಿದ್ರಿ ಡಾಕ್ಟ್ರೇ?" ಎಂದು ಕೇಳಿದೆವು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅದು ಸದಾ ಮಲಗುತ್ತಿದ್ದ ಬಚ್ಚಲೊಲೆಯ ಪಕ್ಕದಲ್ಲೇ ನಿದ್ರೆಯ ಮದ್ದು ಕೊಟ್ಟು, ಬಳಿಕ ಎರಡನೆಯ ಚುಚ್ಚುಮದ್ದು ಕೊಟ್ಟರು. ಕೆಲವು ನಿಮಿಷಗಳಲ್ಲಿ ಮುಗಿಯಿತು.

ಎರಡು ಸಲವೂ ನಾಯಿ ಅದೇ, ಮುಪ್ಪೂ ಅದೇ. ಮೊದಲ ಸಲ ಪರೀಕ್ಷೆ ದಾರಿ ತೋರಿಸಿತು, ಎರಡನೆಯ ಸಲ ದಾರಿ ಮುಚ್ಚಿದೆಯೆಂದು ತೋರಿಸಿತು. ತಿಳಿದು ಬಿಟ್ಟುಕೊಟ್ಟದ್ದರಿಂದ ಮನೆಯಲ್ಲಿ ದುಃಖ ಉಳಿದಿದೆ, ಸಂಶಯ ಉಳಿದಿಲ್ಲ. ತಿನ್ನುವುದು, ನೀರು ಕುಡಿಯುವುದು, ಎದ್ದು ಹೊರಗೆ ಹೋಗುವುದು, ಮನೆಯವರನ್ನು ಕಂಡು ಬಾಲ ಅಲ್ಲಾಡಿಸುವುದು, ಈ ನಾಲ್ಕರಲ್ಲಿ ಎಷ್ಟು ಉಳಿದಿವೆ ಎಂದು ದಿನವೂ ಬರೆದಿಟ್ಟರೆ, ಕೊನೆಯ ತೀರ್ಮಾನಕ್ಕೆ ಒಂದು ಆಧಾರ ದೊರೆಯುತ್ತದೆ. ಆ ತೀರ್ಮಾನವನ್ನು ವೈದ್ಯರ ಕೈಯಲ್ಲೇ ಮಾಡಿಸಬೇಕು, ಕೋವಿಯಿಂದಲ್ಲ.

ಉಣುಗು ತಡೆಯುವ ಕ್ರಮ

ಹೊಟ್ಟೆ ತುಂಬಿದ ಒಂದು ಹೆಣ್ಣು ಉಣುಗು ನಾಯಿಯಿಂದ ಉದುರಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಆದ್ದರಿಂದ ನಾಯಿಗೆ ಮದ್ದು ಹಾಕಿದಷ್ಟೇ ಸಾಲದು. ಅದು ಮಲಗುವ ಜಾಗದ ಬಿರುಕು ಮುಚ್ಚಿ ಸುಣ್ಣ ಬಳಿಯಬೇಕು, ಹಳೆಯ ಚೀಲಗಳನ್ನು ಸುಡಬೇಕು. ಬೆಬೀಸಿಯ ದಾಟಲು ಉಣುಗು ಸಾಮಾನ್ಯವಾಗಿ ಒಂದೆರಡು ದಿನ ಕಚ್ಚಿಕೊಂಡಿರಬೇಕು. ಎಂದಮೇಲೆ ಪ್ರತಿದಿನ ಸಂಜೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ನೋಡಿ ಬಿಡಿಸುವುದು ಖರ್ಚಿಲ್ಲದ ರಕ್ಷಣೆ. ಬಿಡಿಸಿದ್ದನ್ನು ಬೆರಳಲ್ಲಿ ಹಿಸುಕದೆ ಸೀಮೆಎಣ್ಣೆಗೋ ಸಾಬೂನು ನೀರಿಗೋ ಹಾಕಿ. ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳೂ ಬೆನ್ನಿಗೆ ಹಾಕುವ ಹನಿಮದ್ದುಗಳೂ ಈಗ ದೊರೆಯುತ್ತವೆ. ನಾಯಿಯ ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಹಿಂದೆ ಗ್ಯಾಮಾಕ್ಸಿನ್ ಪುಡಿ ಉಜ್ಜುವ ರೂಢಿಯಿತ್ತು, ಆ ಬಿ.ಎಚ್.ಸಿ. 1997ರಲ್ಲೇ ನಿಷೇಧವಾಗಿದೆ. ಅದರ ಬದಲಿಗೆ ತೋಟಕ್ಕೆ ಹೊಡೆಯುವ ಕೀಟನಾಶಕದಲ್ಲಿ ನಾಯಿಯನ್ನು ತೊಳೆಯುವುದೂ ಅಷ್ಟೇ ಅಪಾಯಕರ.

ಸದಸ್ಯರಲ್ಲಿ ವಿನಂತಿ

ಭೈರನಿಗೆ ಹತ್ತು ತಿಂಗಳ ಆಯಸ್ಸು ಸಿಕ್ಕಿದ್ದು ನೆರೆಮನೆಯ ನಾಯಿಯಿಂದ. ನೆರೆಯವರಲ್ಲಿ ತಕ್ಕ ನಾಯಿ ಇಲ್ಲದವರು ಏನು ಮಾಡಬೇಕು? ಈ ಪ್ರಶ್ನೆ ಇಟ್ಟುಕೊಂಡು ಸಂಘದ ಕಛೇರಿಯಲ್ಲಿ ಒಂದು ರಿಜಿಸ್ಟರ್ ತೆರೆದಿದ್ದೇವೆ. ಒಂದರಿಂದ ಎಂಟು ವರ್ಷದೊಳಗಿನ, 25 ಕಿಲೊ ಮೀರಿದ, ಲಸಿಕೆಯಾದ, ಸಾಧು ಸ್ವಭಾವದ ನಾಯಿಯುಳ್ಳ ಸದಸ್ಯರು ತಮ್ಮ ಹೆಸರು, ತೋಟದ ಹೆಸರು, ಫೋನ್ ನಂಬರು ಬರೆಸಬಹುದು. ಇಂತಹ ನಾಯಿ ಒಂದು ಸಲಕ್ಕೆ ಸುಮಾರು 400 ಮಿಲಿಲೀಟರ್ ರಕ್ತವನ್ನು ತೊಂದರೆಯಿಲ್ಲದೆ ಕೊಡಬಲ್ಲದು. ಹಿಂದೆಂದೂ ರಕ್ತ ಪಡೆಯದ ನಾಯಿಗೆ ಮೊದಲನೆಯ ಸಲ ಕೊಡುವಾಗ ಗುಂಪು ಹೊಂದಿಕೆಯ ತೊಡಕು ಸಾಮಾನ್ಯವಾಗಿ ಕಡಿಮೆ. ಎರಡನೆಯ ಸಲಕ್ಕೆ ಹೊಂದಾಣಿಕೆ ಪರೀಕ್ಷೆ ಅವಶ್ಯ. ಕೊಡುವ ನಾಯಿಗೆ ಉಣುಗು ಜ್ವರ ಇಲ್ಲವೆಂದು ಮೊದಲೇ ರಕ್ತ ಪರೀಕ್ಷಿಸಿರಬೇಕು.

ಈವರೆಗೆ ಏಳು ಹೆಸರು ಬಂದಿವೆ. ಮೊದಲನೆಯದು ನಮ್ಮ ನೆರೆಮನೆಯವರದು. ಮಳೆ ಹಿಡಿಯುವ ಮುಂಚೆ ಇಪ್ಪತ್ತಾದರೂ ಆಗಬೇಕೆಂಬುದು ನಮ್ಮ ಇಚ್ಛೆ. ಮುಂದಿನ ಸಲ ಗೊಬ್ಬರಕ್ಕೆ ಬರುವಾಗ ರಿಜಿಸ್ಟರನ್ನು ಕೇಳಿ ಪಡೆದು ಬರೆಸಬೇಕಾಗಿ ಸದಸ್ಯ ಬಾಂಧವರಲ್ಲಿ ವಿನಂತಿ.