ಟಿಕೆಟ್ ಕೇಳುವ ನೆಪದಲ್ಲಿ

ಬಸ್ಸಿನಲ್ಲಿ ಯಾರ ಮೇಲಾದರೂ ಅನುಮಾನ ಬಂದರೆ ಜನ ಮೊದಲು ಪಕ್ಕದವರ ಮುಖ ನೋಡುತ್ತಾರೆ, ಆಮೇಲೆ ಕಂಡಕ್ಟರ್ ಮುಖ. ಸತ್ಯಮಂಗಲ–ತಾಳವಾಡಿ ದಾರಿಯಲ್ಲಿ ಬಹಳ ವರ್ಷ ಟಿಕೆಟ್ ಹರಿದವನು ನಾನು. ಹೇಳಲೋ ಬೇಡವೋ ಎಂಬ ತೊಳಲಾಟ ಆ ಎರಡು ನೋಟಗಳ ನಡುವೆಯೇ ನಡೆಯುತ್ತದೆ.

ನಮ್ಮ ಬೆಟ್ಟದ ಸೀಮೆಯಲ್ಲಿ ಈ ತೊಳಲಾಟ ಹಳೆಯದು. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಪೊಲೀಸರಿಗೆ ಸುಳಿವು ಕೊಟ್ಟನೆಂಬ ಗುಮಾನಿ ಬಂದರೆ ಅವನ ಕಡೆಯವರು ಕೊಲ್ಲುತ್ತಿದ್ದರು. ಕೊಡಲಿಲ್ಲವೆಂದರೆ ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಯವರು ಎತ್ತಿಕೊಂಡು ಹೋಗುತ್ತಿದ್ದರು. ಚೀಲದಲ್ಲಿ ಅಕ್ಕಿ ಸ್ವಲ್ಪ ಜಾಸ್ತಿ ಇದ್ದರೂ ಯಾರಿಗೆಂದು ಕೇಳುವವರಿದ್ದರು. ಕಾರ್ಯಪಡೆಯ ಮೇಲಿನ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. 2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದ ಮೇಲಂತೂ, ಅವರು ಬಿಡುಗಡೆಯಾಗುವವರೆಗಿನ 108 ದಿನವೂ ನಮ್ಮ ಜನ ಮಳೆ, ಬೆಳೆ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ‘ನಂಗೇನೂ ಗೊತ್ತಿಲ್ಲ ಸಾಮಿ’ ಎನ್ನುವುದು ಹೇಡಿತನವಾಗಿರಲಿಲ್ಲ, ಮನೆ ಮುಟ್ಟುವ ಉಪಾಯವಾಗಿತ್ತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಬಾಯಿ ಕಟ್ಟಿಕೊಳ್ಳುವ ಅಭ್ಯಾಸ ಮಾತ್ರ ಬೇಗ ಬಿಡಲಿಲ್ಲ.

ಈಗ ನೋಡಿದರೆ ಎಲ್ಲ ತಲೆಕೆಳಗು. ಅನುಮಾನ ಹುಟ್ಟುವ ಮೊದಲೇ ಫೋನು ಮೇಲೇಳುತ್ತದೆ.

ಒಮ್ಮೆ ದಿಂಬಂ ಘಾಟಿನ 27 ತಿರುವುಗಳನ್ನು ಬಸ್ಸು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಹಿಂದಿನ ಸೀಟಿನ ಅವ್ವ ಒಬ್ಬಳು ನನ್ನ ತೋಳು ಜಗ್ಗಿದಳು. “ಕಂಡಕ್ಟ್ರಣ್ಣ, ಆ ಮಗ ಅವನದಲ್ಲ ಕಣಪ್ಪ.”

“ನೀನು ಕಂಡದ್ದೇನವ್ವ?” ಎಂದೆ.

ಬಣ್ಣಾರಿಯಲ್ಲಿ ಹತ್ತಿದರು, ಕೈಯಲ್ಲಿ ಒಂದು ಗಂಟೂ ಇಲ್ಲ, ಮಗುವಿನ ಕಾಲಲ್ಲಿ ಚಪ್ಪಲಿಯಿಲ್ಲ, ಆಗಿನಿಂದ ಅಳುತ್ತಿದೆ, ಗಂಡಸು ಒಂದು ಮಾತೂ ಆಡುತ್ತಿಲ್ಲ. ಇಷ್ಟು ಅವಳು ಕಂಡದ್ದು. ಮಗು ಅವನದಲ್ಲ ಎಂಬುದು ಅವಳು ಸೇರಿಸಿದ್ದು. ಕಂಡಕ್ಟರನಿಗೆ ಒಂದು ಅನುಕೂಲವಿದೆ: ಯಾರನ್ನು ಏನು ಕೇಳಿದರೂ ಅವಮಾನವೆನಿಸುವುದಿಲ್ಲ. ಹೋಗಿ, “ಮಗೂಗೆ ಎಷ್ಟು ವಯಸ್ಸಣ್ಣ? ಅರ್ಧ ಟಿಕೆಟ್ ಹಾಕ್ಲಾ?” ಎಂದೆ. ಅವನು ಉತ್ತರದ ಕಡೆಯಿಂದ ಕೂಲಿಗೆ ಬಂದವನು, ಮುರುಕು ತಮಿಳಿನಲ್ಲಿ ವಯಸ್ಸು ಹೇಳಿದ. ಮಗು ಅವನ ಕೊರಳು ತಬ್ಬಿ, ತಿರುಗಿ ನನ್ನ ಚಪ್ಪಲಿ ಮೇಲೆ ವಾಂತಿ ಮಾಡಿತು. ತಿರುವಿಗೆ ಹೊಟ್ಟೆ ತೊಳಸಿದ್ದು, ಅಷ್ಟೇ. ಅವ್ವ ಮಡಿಲಿಂದ ನಿಂಬೆಹಣ್ಣು ತೆಗೆದುಕೊಟ್ಟಳು. ಅವಳು ಹೇಳಿದ್ದು ಸರಿಯೇ ಎಂದು ನನಗೆ ಈಗಲೂ ಅನಿಸುತ್ತದೆ. ಒಬ್ಬನಿಗೆ ಹೇಳಿದಳು, ಮೆಲ್ಲಗೆ ಹೇಳಿದಳು.

ಯಾರಿಗೆ ಹೇಳಿದಿರಿ ಎಂಬುದರಿಂದ ಏನೇನಾಗುತ್ತದೆಂದು 2018ರ ಜುಲೈ ತೋರಿಸಿಕೊಟ್ಟಿತು. 5ರಂದು ಅವಧ್ ಎಕ್ಸ್‌ಪ್ರೆಸ್‌ನ ಪ್ರಯಾಣಿಕರೊಬ್ಬರು, ತಮ್ಮ ಬೋಗಿಯಲ್ಲಿ ತುಂಬಾ ಹುಡುಗಿಯರಿದ್ದಾರೆ, ಕೆಲವರು ಅಳುತ್ತಿದ್ದಾರೆ ಎಂದು ರೈಲ್ವೆಯವರಿಗೆ ಟ್ವೀಟ್ ಮಾಡಿದರು. ಮಫ್ತಿ ಪೊಲೀಸರು ಹತ್ತಿದರು. ಗೋರಖ್‌ಪುರದಲ್ಲಿ 26 ಹುಡುಗಿಯರನ್ನು ಇಳಿಸಿಕೊಂಡರು. ಎಂಟು ದಿನ ಕಳೆದು, 13ರಂದು ಬೀದರ್ ಜಿಲ್ಲೆಯಲ್ಲಿ ಕಾರಿನಲ್ಲಿ ಬಂದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರು ಠಾಣೆಗೆ ಹೇಳುವ ಮೊದಲು ವಾಟ್ಸ್ಆ್ಯಪ್‌ಗೆ ಹೇಳಿದರು: ಮಕ್ಕಳ ಕಳ್ಳರು! ಮುರ್ಕಿ ಗ್ರಾಮದಲ್ಲಿ ಗುಂಪು ಅಡ್ಡಗಟ್ಟಿತು. ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೆಣವಾದರು. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು.

ಮಂಗಳೂರಿನ ಕಥೆ ಬೇರೆ. 2022ರ ಆಗಸ್ಟ್ 14ರಂದು ಮುಂಬೈ ವಿಮಾನ ಹೊರಡುವ ಹೊತ್ತಿಗೆ, ಪ್ರಯಾಣಿಕರೊಬ್ಬರ ಫೋನಿಗೆ ಬಂದ ಸಂದೇಶದಲ್ಲಿ ‘ಬಾಂಬರ್’ ಎಂದಿದ್ದನ್ನು ಮತ್ತೊಬ್ಬರು ಓದಿ ಸಿಬ್ಬಂದಿಗೆ ತಿಳಿಸಿದರು. ಎಲ್ಲರನ್ನೂ ಇಳಿಸಿ, ಸಾಮಾನು ಜಾಲಾಡಿ, ವಿಮಾನ ಹಾರಿದ್ದು ಸುಮಾರು ಆರು ಗಂಟೆ ತಡವಾಗಿ. ಅದು ಗೆಳತಿಯ ತಮಾಷೆ! (ಪಕ್ಕದವರ ಫೋನು ಇಣುಕುವುದು ನಮ್ಮೂರ ಬಸ್ಸಿನಲ್ಲೂ ಇದೆ.) ಅದೇ ವರ್ಷ ನವೆಂಬರ್ 19ರಂದು ಅದೇ ಊರಿನ ನಾಗುರಿಯಲ್ಲಿ ಆಟೊದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಅದನ್ನು ಹಿಡಿದಿದ್ದವನು ಮೈಸೂರಿನಿಂದ ಬಸ್ಸಿನಲ್ಲಿ ಬಂದಿದ್ದನೆಂದು ಪೊಲೀಸರು ಹೇಳಿದರು. ಬಸ್ಸಿನಲ್ಲಿ ಅವನು ಯಾರ ಕಣ್ಣಿಗಾದರೂ ಬಿದ್ದ ಸುದ್ದಿ ನಾನು ಕೇಳಿಲ್ಲ.

ಆದ್ದರಿಂದಲೇ ಗಡ್ಡ, ಬಟ್ಟೆ, ಗೊತ್ತಿಲ್ಲದ ಭಾಷೆಯನ್ನು ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ನಡತೆಯೊಂದೇ ಲೆಕ್ಕ. ಮಗುವನ್ನು ಯಾರ ಜೊತೆಗೂ ಮಾತಾಡಲು ಬಿಡದಿರುವುದು, ಊರು ಕೇಳಿದಾಗ ಮಗುವೊಂದು ದೊಡ್ಡವರೊಂದು ಹೇಳುವುದು, ಚೀಲ ಇಟ್ಟು ತಾನು ಮಾತ್ರ ಇಳಿದು ಹೋಗುವುದು. ಅಂಥದ್ದು ಕಂಡರೆ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಸೀಟು ಯಾವುದು, ಎಲ್ಲಿ ಹತ್ತಿದರು, ಟಿಕೆಟ್ ಎಲ್ಲಿಗೆ ತೆಗೆದುಕೊಂಡರು, ಬಸ್ಸಿನ ನಂಬರ್ ಏನು ಎಂದು ಕಂಡಕ್ಟರನಿಗೋ ಪೊಲೀಸರಿಗೋ ಹೇಳಿ. ಕಳ್ಳನೋ ಅಲ್ಲವೋ ಪೊಲೀಸರು ನೋಡಿಕೊಳ್ಳಲಿ. ಫೋನಿನಲ್ಲಾದರೆ 112, ಮಕ್ಕಳ ವಿಷಯವಾದರೆ 1098, ರೈಲಿನಲ್ಲಿ 139. ತಪ್ಪಾದರೆ ಕೇಸು ಬೀಳುತ್ತದೆಂಬ ಹೆದರಿಕೆ ಹಲವರಿಗಿದೆ. ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಶಿಕ್ಷಿಸುವುದು ಸುಳ್ಳೆಂದು ಗೊತ್ತಿದ್ದೂ ಹೇಳಿದವರನ್ನು. ಕಂಡದ್ದನ್ನು ಕಂಡಂತೆ ಹೇಳಿ ತಪ್ಪಿದವರನ್ನಲ್ಲ.

ವಾರಸುದಾರರಿಲ್ಲದ ಚೀಲದ ವಿಷಯದಲ್ಲಿ ಮಾತ್ರ ಮೆಲ್ಲಗೆ ಹೇಳುವ ಮಾತಿಲ್ಲ. ಚೀಲಕ್ಕೆ ಮಾನ ಹೋಗುವುದಿಲ್ಲವಲ್ಲ! ಮುಟ್ಟಬೇಡಿ, ಕೂಗಿ ಹೇಳಿ, ಬಸ್ಸು ನಿಲ್ಲಿಸಿ ಇಳಿಯಿರಿ. ನಮ್ಮ ಬಸ್ಸಿನಲ್ಲಿ ಸಿಕ್ಕ ಅಂಥ ಚೀಲಗಳಲ್ಲಿ ಇದ್ದದ್ದು ಕೋಸು, ಬೀಟ್‌ರೂಟು, ಒಮ್ಮೆ ಕಾಲು ಕಟ್ಟಿದ ಹುಂಜ. ಆದರೂ ಪ್ರತಿಸಲ ಇಳಿಸಿದೆ. “ಇಳಿದ್ರೆ ಆನೆ, ಕೂತ್ರೆ ಚೀಲ, ಎಲ್ಲಿ ಸಾಯ್ಲಪ್ಪ ನಾನು” ಎಂದು ಡ್ರೈವರಣ್ಣ ಬೈದುಕೊಳ್ಳುತ್ತಲೇ ಎಲ್ಲರಿಗಿಂತ ಮೊದಲು ಇಳಿದಿರುತ್ತಿದ್ದ.