ಹುಡುಕಿಕೊಂಡು ಹೊರಡುವ ಪ್ರೀತಿ

ಹೀಬ್ರೂ ಭಾಷೆಯಲ್ಲಿ 'ಹೆಸೆದ್' ಎಂಬ ಮಾತಿದೆ. ಕನ್ನಡ ಬೈಬಲ್‌ನಲ್ಲಿ ಅದು ಒಂದೆಡೆ ಕೃಪೆ ಎಂದೂ ಇನ್ನೊಂದೆಡೆ ಪ್ರೀತಿ ಎಂದೂ ಬರುತ್ತದೆ. ಅದರ ಪೂರ್ತಿ ಭಾರವನ್ನು ಯಾವ ಒಂದು ಪದವೂ ಹೊರಲಾರದು. ಕಟ್ಟಿಕೊಂಡ ನಂಟಿಗೆ ಎದುರಿನವರು ತಪ್ಪಿ ನಡೆದರೂ ತಾನು ತಪ್ಪದೆ ನಿಲ್ಲುವ ವಾತ್ಸಲ್ಯ ಎಂಬುದು ಅದರ ಹುರುಳು. ದಾರಿ ತಪ್ಪಿದವರನ್ನು ದೇವರು ಹೇಗೆ ಕಾಣುತ್ತಾನೆ ಎಂಬ ಕ್ರೈಸ್ತ ಬೋಧನೆ ಈ ಮಾತಿನ ಮೇಲೆಯೇ ನಿಂತಿದೆ.

ಇದನ್ನು ಅತ್ಯಂತ ನೋವಿನಿಂದ ಹೇಳಿದವನು ಕ್ರಿ.ಪೂ. 8ನೇ ಶತಮಾನದ ಪ್ರವಾದಿ ಹೋಶೇಯ. ಅವನ ಹೆಂಡತಿ ಗೋಮೆರ್ ಅವನನ್ನು ಬಿಟ್ಟು ಪರರ ಹಿಂದೆ ಹೋದಳು. ಮಕ್ಕಳಲ್ಲಿ ಒಬ್ಬಳ ಹೆಸರಿಗೆ 'ಕರುಣೆ ಕಾಣದವಳು' ಎಂಬ ಅರ್ಥ, ಇನ್ನೊಬ್ಬನದಕ್ಕೆ 'ನನ್ನ ಜನವಲ್ಲ' ಎಂಬ ಅರ್ಥ. ಇಸ್ರಾಯೇಲರು ತಮ್ಮ ದೇವರನ್ನು ತೊರೆದು ಬಾಳ್ ಎಂಬ ಅನ್ಯದೇವತೆಯ ಪೂಜೆಗೆ ಇಳಿದದ್ದನ್ನು ಆ ಹೆಸರುಗಳು ಊರಿಗೆಲ್ಲ ಸಾರುತ್ತಿದ್ದವು. ಮುಂದೆ ಹೋಶೇಯ 15 ಶೆಕೆಲ್ ತೂಕದ ಬೆಳ್ಳಿ ಮತ್ತು ಒಂದಿಷ್ಟು ಜವೆಗೋದಿ ಕೊಟ್ಟು ಒಬ್ಬ ಹೆಂಗಸನ್ನು ಬಿಡಿಸಿಕೊಂಡು ಬರುತ್ತಾನೆ. ಅವಳು ಗೋಮೆರಳೇ ಎಂಬುದು ಹೆಚ್ಚಿನ ವ್ಯಾಖ್ಯಾನಕಾರರ ಅಭಿಪ್ರಾಯ. ಮೋಸ ಹೋದವನೇ ಬೆಲೆ ತೆರುತ್ತಾನೆ ಎಂಬಲ್ಲಿ ಈ ಕಥೆಯ ಜೀವವಿದೆ. ಹೋಶೇಯನ ಗ್ರಂಥದ 11ನೇ ಅಧ್ಯಾಯದಲ್ಲಿ ದೇವರು ಮಗುವಿಗೆ ನಡೆಯಲು ಕಲಿಸಿದ ತಂದೆ. ಆ ಮಗು ತಿರುಗಿಬಿದ್ದಿದೆ. ಶಿಕ್ಷಿಸಬೇಕೆಂದರೂ ತಂದೆಯ ಕರುಳು ಒಪ್ಪುತ್ತಿಲ್ಲ.

ಹಾಗೆಂದು ಈ ಪ್ರೀತಿ ತಪ್ಪನ್ನು ತಪ್ಪಲ್ಲವೆಂದು ತಳ್ಳಿಹಾಕುವಂಥದ್ದಲ್ಲ. ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲರ ರಾಜಧಾನಿ ಸಮಾರ್ಯ ಅಸ್ಸೀರಿಯದವರ ಕೈಗೆ ಬಿತ್ತು, ಜನ ಸೆರೆಯಾಗಿ ಚದುರಿಹೋದರು. ಮಾಡಿದ್ದರ ಫಲ ಬಂದೇ ಬಂತು. ಆ ಫಲ ಉಣ್ಣುತ್ತಿರುವಾಗಲೂ ನಂಟು ಕಡಿದಿಲ್ಲ ಎನ್ನುವುದು ಪ್ರವಾದಿಗಳ ಸಂದೇಶ.

ಯೇಸು ಈ ವಿಚಾರವನ್ನು ಹೊಲ, ಮನೆ, ಮಂದೆಗಳಿಗೆ ತಂದ. ಪಾಪಿಗಳ ಜೊತೆ ಕೂತು ಉಣ್ಣುತ್ತಾನೆಂದು ಗೊಣಗಿದವರಿಗೆ ಅವನು ಕೊಟ್ಟ ಉತ್ತರ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೊರಡುತ್ತಾನೆ. ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನಂಥ ಕಡೆ ಈ ಸಾಮತಿಗೆ ಟೀಕೆ ಬೇಕಿಲ್ಲ. ಬಂಡೀಪುರದ ಹುಲಿಕಾಡು ಅಲ್ಲಿ ಹೊಲದಂಚಿಗೇ ಬರುತ್ತದೆ. ಹೊತ್ತು ಮುಳುಗಿದರೂ ಕೊಟ್ಟಿಗೆಗೆ ಬಾರದ ಹಸುವನ್ನು ಹುಡುಕಲು ಹೋಗುವುದೆಂದರೆ ಪ್ರಾಣದ ಮಾತು. ಕುರಿಯ ಕಥೆಯಲ್ಲೂ ಅಪಾಯ ಹುಡುಕುವವನದೇ, ಕಳೆದುಹೋದ ಕುರಿ ಮಾಡಿದ್ದು ಏನೂ ಇಲ್ಲ.

ಅದೇ ಅಧ್ಯಾಯದಲ್ಲಿ ಮುಂದೆ ಬರುವುದು ದುಂದುಗಾರ ಮಗನ ಕಥೆ. ತಂದೆ ಬದುಕಿರುವಾಗಲೇ ಪಾಲು ಕೇಳಿ ಪಡೆದ ಕಿರಿಯವನು ಎಲ್ಲವನ್ನೂ ಹಾಳುಮಾಡಿಕೊಂಡು ಹಂದಿ ಕಾಯುವ ಸ್ಥಿತಿಗೆ ಇಳಿದ. ಆಳಾಗಿಯಾದರೂ ಇರೋಣವೆಂದು ಅವನು ಮರಳುವಾಗ, ತಂದೆ ದೂರದಿಂದಲೇ ಕಂಡು ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಕಲಿತು ಬಂದಿದ್ದ ಕ್ಷಮಾಪಣೆ ಮುಗಿಯುವ ಮೊದಲೇ ಹೊಸ ಬಟ್ಟೆ, ಉಂಗುರ, ಔತಣಕ್ಕೆ ಅಪ್ಪಣೆಯಾಗುತ್ತದೆ. ಓದುಗರು ಸಾಮಾನ್ಯವಾಗಿ ಮರೆಯುವವನು ಹಿರಿಯ ಮಗ. ಮನೆಬಿಟ್ಟು ಎಲ್ಲೂ ಹೋಗದ, ಒಂದು ಮಾತೂ ಮೀರದ ಅವನು ಸಿಟ್ಟಿನಿಂದ ಬಾಗಿಲ ಹೊರಗೇ ನಿಲ್ಲುತ್ತಾನೆ. ತಂದೆ ಅವನಿಗಾಗಿಯೂ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ. ಕಥೆಯ ಅತ್ಯಂತ ಹರಿತವಾದ ಭಾಗ ಇದೇ.

ಮನುಷ್ಯರು ತಿದ್ದಿಕೊಂಡ ಮೇಲಲ್ಲ, ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ಅವರಿಗಾಗಿ ಪ್ರಾಣ ಕೊಟ್ಟ ಎಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ. ಶಿಲುಬೆಯ ಅರ್ಥವನ್ನು ಹಲವು ಕ್ರೈಸ್ತ ಪಂಗಡಗಳು ಇಲ್ಲಿಂದ ಬಿಡಿಸುತ್ತವೆ. ಕಥೋಲಿಕರಲ್ಲಿ ಮರಳುವಿಕೆಗೆ ಪಾಪನಿವೇದನೆ ಎಂಬ ಸಂಸ್ಕಾರವಿದೆ, ಅದಕ್ಕೆ ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ ವಿಶೇಷ ಸಮಯ.

ಮೈಸೂರು ಸೀಮೆಯಲ್ಲಿ ಈ ನಂಬಿಕೆಗೆ ಒಂದು ಊರಿದೆ. ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯವನ್ನು 2019ರಲ್ಲಿ ಪೋಪ್ ಫ್ರಾನ್ಸಿಸ್ ಬಸಿಲಿಕಾ ಪದವಿಗೆ ಏರಿಸಿದರು. ಉಳುವಾಗ ಮಣ್ಣಿನಲ್ಲಿ ರೈತನೊಬ್ಬನಿಗೆ ಸಂತರ ಮರದ ಪ್ರತಿಮೆ ಸಿಕ್ಕಿತೆಂಬುದು ಅಲ್ಲಿನ ಐತಿಹ್ಯ. ಜೂನ್ 13ರ ಹಬ್ಬಕ್ಕೆ ಬೇರೆ ಬೇರೆ ಮತದ ಜನ ಸೇರುತ್ತಾರೆ. ಅಂತೋಣಿ ಲಿಸ್ಬನ್‌ನಲ್ಲಿ ಹುಟ್ಟಿ, 1231ರಲ್ಲಿ ಇಟಲಿಯ ಪಾದುವದ ಬಳಿ ತೀರಿಕೊಂಡ ಫ್ರಾನ್ಸಿಸ್ಕನ್ ಸನ್ಯಾಸಿ. ಅವರು ತೀರಿಕೊಂಡ ವರ್ಷದ ತಪಸ್ಸುಕಾಲದಲ್ಲಿ ಅವರ ಉಪದೇಶ ಕೇಳಿ ಪಾಪನಿವೇದನೆಗೆ ಜನ ಮುಗಿಬಿದ್ದಿದ್ದರು. ಸಾಲ ತೀರಿಸಲಾಗದೆ ಸೆರೆಬಿದ್ದವರ ಪರವಾಗಿಯೂ ಅವರು ಮಾತಾಡಿ ಪಾದುವದ ಕಾನೂನು ಸಡಿಲವಾಗುವಂತೆ ಮಾಡಿದರು.

ಕಳೆದ ವಸ್ತು ಸಿಗಲೆಂದು ಭಕ್ತರು ಅವರಿಗೇ ಮೊರೆಯಿಡುವುದರ ಹಿಂದೆಯೂ ಒಂದು ಕಥೆಯಿದೆ. ಅಂತೋಣಿಯವರು ಟಿಪ್ಪಣಿ ಬರೆದಿಟ್ಟುಕೊಂಡಿದ್ದ ಕೀರ್ತನೆಗಳ ಪುಸ್ತಕವನ್ನು ಮಠದ ಒಬ್ಬ ಎಳೆಯ ಶಿಷ್ಯ ಕದ್ದು ಓಡಿಹೋಗಿದ್ದ. ಅಂತೋಣಿ ಪ್ರಾರ್ಥನೆಗೆ ಕೂತರು. ಪುಸ್ತಕ ಹಿಂದಕ್ಕೆ ಬಂತು. ಅದನ್ನು ತಂದ ಹುಡುಗ ಮತ್ತೆ ಮಠ ಸೇರಿದ.